ಬೇಳೆ ಇಟ್ಟು ಹೋದ ಕಳ್ಳ

ನೋಟ್‌ಬುಕ್ ಮಾಯವಾಗಿತ್ತು.

ಬೀದರಿನ ಮನೆಗೆ ಮರಳಿದ ಗೌಹರ ಬಟ್ಟೆಚೀಲಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಹಳೇ ಸೀರೆತುಂಡಿನಲ್ಲಿ ಗಂಟುಕಟ್ಟಿದ ತೊಗರಿಬೇಳೆ. ಹೆಚ್ಚುಕಡಿಮೆ ಅದೇ ಭಾರ. ದಾರಿಯಲ್ಲಿ ಅನುಮಾನವೇ ಬಂದಿರಲಿಲ್ಲ. ನಿವೃತ್ತ ಟೀಚರಾದ ಆಕೆ ಬರೆಯಹೊರಟಿದ್ದು ನಿಜಾಮರ ಕಾಲದ ಅಡುಗೆಮನೆಗಳ ಕಾದಂಬರಿ. ಆಗಿನವರು ಏನು ಉಣ್ಣುತ್ತಿದ್ದರು, ಯಾವುದರಿಂದ ತಲೆ ತೊಳೆಯುತ್ತಿದ್ದರು, ಎಲ್ಲ ಆ ನೋಟ್‌ಬುಕ್ಕಿನಲ್ಲಿತ್ತು. ಮೂರು ವರ್ಷದ ದುಡಿಮೆ. ಹೇಳಿದ ಮುದುಕಿಯರಲ್ಲಿ ಒಬ್ಬಳ ಹೊರತು ಎಲ್ಲರೂ ಮಣ್ಣಾಗಿದ್ದರು. ಇನ್ನು ಯಾರನ್ನು ಕೇಳುವುದು? ಗೋಳು ಹೇಳಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೀವವೂ ಇಲ್ಲ.

ಅಂದು ಹೋಗಿದ್ದು ಎರಡೇ ಕಡೆ. ಉಳಿದ ಆ ಒಬ್ಬಳು ಮುದುಕಿ, ಔರಾದದ ಗುರಮ್ಮನ ಮನೆ. ಬರುವಾಗ ಭಾಲ್ಕಿಯ ಕುಣಾಲನ ಜೆರಾಕ್ಸ್ ಅಂಗಡಿ. ಹಳೇ ಕಾಲದ ಸಂಗತಿಗಳ ಬಗ್ಗೆ ವಿಡಿಯೊ ಮಾಡುವ ಕುಣಾಲ ಆ ನೋಟ್‌ಬುಕ್ಕಿನ ಮೇಲೆ ಕಣ್ಣಿಟ್ಟು ವರ್ಷವಾಗಿತ್ತು. ಪಕ್ಕದಲ್ಲೇ ಬೇಳೆಕಾಳಿನ ಅಂಗಡಿ. ಇನ್ನೇನು ಬೇಕು?

* * *

"ನಿನ್ನಿ ನನ್ನ ಚೀಲಕ್ಕ ಕೈ ಹಾಕಿದ್ದೇನು?"

"ಎಲ್ಲಿ ಹಾಕಲ್ರಿ ಟೀಚರ? ಕರೆಂಟ್ ಇದ್ದಿಲ್ಲ. ಚೀಲ ಬಗಲಾಗ ಹಿಡಕೊಂಡೇ ಹೊಳ್ಳಿ ಹೋದ್ರಿ." ಕುಣಾಲ ಬೇಳೆಯನ್ನು ಅಂಗೈಗೆ ಸುರಿದುಕೊಂಡ. "ಇದು ಅಂಗಡೀದೂ ಅಲ್ರಿ. ಬೀಸೋಕಲ್ಲಾಗ ಒಡದದ್ದು. ಸಿಪ್ಪಿ ಹಾಂಗೇ ಅದ ನೋಡ್ರಿ."

ಗೌಹರ ನಾಲಿಗೆ ಕಚ್ಚಿಕೊಂಡಳು. ಅಡುಗೆಮನೆಯ ಕಾದಂಬರಿ ಬರೆಯುವವಳಿಗೆ ಇಷ್ಟೂ ಕಾಣಲಿಲ್ಲ, ನೋಡಿ. ಔರಾದದ ಬಸ್ ಹತ್ತಿದಳು.

* * *

ಗುರಮ್ಮನದು ತುಂಬಿದ ಮನೆ. ಸೊಸೆಯರು, ಮರಿಮಕ್ಕಳು, ಟಿವಿ. ಮುದುಕಿ ಮಾತ್ರ ಮೂಲೆಯಲ್ಲಿ ಒಬ್ಬಳೇ.

"ನೋಟ್‌ಬುಕ್ ಕೊಡ್ರಿ, ಆಯಿ."

"ಯಾವುದು?"

"ಕಳ್ಳ ಒಯ್ತಾನ, ಇಟ್ಟು ಹೋಗಲ್ಲ. ಮನಿಗಿ ಬಂದ ಹೆಣ್ಣಮಗಳ ಚೀಲ ಬರಿದು ಕಳಸಬಾರದಂತ ನೀವೇ ಬರಸೀರಿ. ನಾ ಕೈ ತೊಳೀಲಾಕ ಹಿತ್ತಲಕ್ಕ ಹೋದಾಗ ನೋಟ್‌ಬುಕ್ ತಗದ್ರಿ. ಬರಿದು ಕಳಸಲಾಕ ಮನಸ್ಸು ಬರಲಿಲ್ಲ, ಬ್ಯಾಳಿ ಹಾಕಿದ್ರಿ. ಬೀಸೋಕಲ್ಲೂ ನಿಮ್ಮಲ್ಲೇ ಅದ. ಭಾಲ್ಕ್ಯಾಗ ನಾ ಚೀಲ ಬಿಚ್ಚೇ ಇಲ್ಲ."

ಗುರಮ್ಮ ಹಾಸಿಕೊಂಡಿದ್ದ ಕೌದಿಯ ಕೆಳಗಿಂದ ನೋಟ್‌ಬುಕ್ ತೆಗೆದುಕೊಟ್ಟಳು.

"ಎಲ್ಲಾ ಬರದಾಯ್ತು, ಇನ್ನ ಬರಲ್ಲ ಅಂದಿ. ನನ್ನ ಮಾತು ಕೇಳಲಾಕ ಬರಾಕಿ ನೀ ಒಬ್ಬಾಕಿ, ತಂಗಿ." ಮುದುಕಿ ಸೆರಗು ಹಿಂಡಿಕೊಂಡಳು. "ಇನ್ನೊಂದು ಹೇಳ್ತೇನಿ, ಬೈಬ್ಯಾಡ. ಹೋದ ವರ್ಷನೇ ನನಗ ಗೊತ್ತಿದ್ದದ್ದು ಮುಗದಿತ್ತು. ಅಲ್ಲಿಂದ ಅರ್ಧಾ ಕಟ್ಟಿ ಹೇಳೀನಿ. ನೀ ಬರ್ತಿರಬೇಕಂತ."

ಗೌಹರಳಿಗೆ ಸಿಟ್ಟು ನೆತ್ತಿಗೇರಿತು. ಬಾಗಿಲತನಕ ಹೋಗಿ ನಿಂತಳು. ಹೋಗುವುದಾದರೂ ಎಲ್ಲಿಗೆ? ತಿರುಗಿ ಬಂದು ನೆಲದ ಮೇಲೆ ಕುಳಿತು ಪೆನ್ನು ತೆಗೆದಳು.

"ಖರೇ ಯಾವುದು, ಸುಳ್ಳು ಯಾವುದು, ಒಂದೊಂದೇ ಹಾಳಿ ಹೇಳ್ರಿ."

"ಭಾಳ ದಿನ ಹಿಡೀತದ."

"ಹಿಡೀಲಿ, ಆಯಿ. ನಂಗೂ ಬ್ಯಾರೆ ಮಂದಿ ಇಲ್ರಿ."