ಪೆದ್ದಣ್ಣನ ಮನೆಯ ಲೋಹಿತಾ

"ಮೇಡಂ, ಮೊದಲು ಒಂದು ಪಪ್ಪಿ ಟ್ರೈ ಮಾಡೋಣವಾ?"

ಲೋಹಿತಾ ತಟ್ಟನೆ ಎದ್ದು ನಿಂತಳು. ಕುರ್ಚಿ ಸರಿದ ಸದ್ದಿಗೆ ಲೈಬ್ರರಿಯಲ್ಲಿ ಓದುತ್ತಿದ್ದ ಹುಡುಗಿಯರೆಲ್ಲ ತಲೆ ಎತ್ತಿದರು.

"ಏನಂದ್ರಿ?!"

ಲೈಬ್ರರಿಯನ್ ಪ್ರಭುದೇವನ ಮುಖ ಬಿಳಿಚಿಕೊಂಡಿತು. ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಏನೆಂದು ಹೊಳೆಯಲಿಲ್ಲ. ಹೊಳೆದಾಗ ಕಿವಿಯವರೆಗೂ ಕೆಂಪಾದ.

"ಅಯ್ಯಯ್ಯೋ... ಇಲ್ಲ ಮೇಡಂ! ಪಪ್ಪಿ ಲಿನಕ್ಸ್! ನಾಯಿಮರಿ ಪಪ್ಪಿ! ಹಳೇ ಲ್ಯಾಪ್‌ಟಾಪಿಗೆ ಹಾಕೋ ಸಾಫ್ಟ್‌ವೇರ್ ಹೆಸರು ಅದು!" ಪೆನ್‌ಡ್ರೈವನ್ನು ಎತ್ತಿ ಹಿಡಿದು ತೋರಿಸಿದ.

ಮಕ್ಕಳ ಕೆನ್ನೆಗೆ ಕೊಡುವ ಮುತ್ತಿಗೂ ನಮ್ಮಲ್ಲಿ ಅದೇ ಹೆಸರು. ಸಾಫ್ಟ್‌ವೇರಿಗೆ ಹೆಸರಿಟ್ಟವರಿಗೆ ಅದು ಹೇಗೆ ಗೊತ್ತಾಗಬೇಕು ಹೇಳಿ?

ಲೋಹಿತಾಳಿಗೆ ನಗು ತಡೆಯಲಾಗಲಿಲ್ಲ. ಮಧುಗಿರಿಯ ಆ ಖಾಸಗಿ ಪಿಯು ಕಾಲೇಜಿಗೆ ಕಾಮರ್ಸ್ ಲೆಕ್ಚರರ್ ಆಗಿ ಸೇರಿದ ಮೇಲೆ ಅವಳು ಮನಸ್ಸು ಬಿಚ್ಚಿ ನಕ್ಕಿದ್ದು ಅಂದೇ ಮೊದಲು.

ಅವಳ ಲ್ಯಾಪ್‌ಟಾಪಿನ ಕಥೆ ಹೇಳಿ ಮುಗಿಯುವಂಥದ್ದಲ್ಲ. ಆನ್ ಮಾಡಿ ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದರೂ ಅದು ಇನ್ನೂ ಕಣ್ಣುಜ್ಜುತ್ತಿರುತ್ತಿತ್ತು. ವಿಂಡೋಸ್ ಹತ್ತಕ್ಕೆ ಇನ್ನು ಅಪ್‌ಡೇಟ್ ಇಲ್ಲವಂತೆ, ಹನ್ನೊಂದನ್ನು ಅದು ಒಳಗೇ ಬಿಟ್ಟುಕೊಳ್ಳದು. ಬ್ಯಾಟರಿ ಸತ್ತು ವರ್ಷಗಳಾಗಿದ್ದವು, ಚಾರ್ಜರ್ ಚುಚ್ಚಿದರಷ್ಟೇ ಜೀವ. 'ಲೈಬ್ರರಿ ಪ್ರಭು ಹತ್ರ ಹೋಗಿ, ದುಡ್ಡು ಕೊಡದೇ ಸಿಗೋ ಹಗುರವಾದದ್ದನ್ನ ಹಾಕ್ಕೊಡ್ತಾನೆ' ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದರು.

ಪ್ರಭುದೇವ್ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದ. ಮುಚ್ಚಳದ ಮೇಲೆ ಕೆರೆದ ಗುರುತಿತ್ತು. ಅದರ ಮೇಲೆ ಬೆರಳಾಡಿಸಿದ.

"ಇಲ್ಲಿ ಏನೋ ಅಂಟಿಸಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಅವಳ ಸ್ಥಿತಿ. "ನಮ್ಮ ತಮ್ಮ... ಕ್ರಿಕೆಟ್ ಸ್ಟಿಕ್ಕರ್ ಅಂಟಿಸಿದ್ದ."

ಅವಳಿಗೆ ತಮ್ಮನೇ ಇರಲಿಲ್ಲ!

ಅಲ್ಲಿದ್ದದ್ದು ಸರ್ಕಾರದ ಮುದ್ರೆ. ಪಾವಗಡದಲ್ಲಿ ಡಿಗ್ರಿ ಓದುವಾಗ ಎಸ್ಸಿ ಮಕ್ಕಳಿಗೆಂದು ಕೊಟ್ಟ ಲ್ಯಾಪ್‌ಟಾಪ್ ಅದು. ತಂದ ಮಾರನೇ ದಿನವೇ ಕ್ಲಾಸಿನಲ್ಲಿ ಯಾರೋ 'ಪುಕ್ಸಟ್ಟೆ ಮಾಲು ಬಂತು ನೋಡ್ರೋ' ಎಂದಿದ್ದರು. ಒಂದಷ್ಟು ಜನ ನಕ್ಕಿದ್ದರು. ಆ ಸಂಜೆ ಅವಳು ಕೊಬ್ಬರಿ ಎಣ್ಣೆ ಹಚ್ಚಿ, ಬ್ಲೇಡಿನಿಂದ ಆ ಮುದ್ರೆಯನ್ನು ಕೆರೆದು ಹಾಕಿದ್ದಳು. ಮುದ್ರೆ ಹೋಯಿತು, ನಗು ಮಾತ್ರ ಕಿವಿಯಲ್ಲೇ ಉಳಿಯಿತು.

"ನಿಮ್ಮ ತಂದೆ ಏನ್ಮಾಡ್ತಾರೆ ಮೇಡಂ?"

"ಸೋಲಾರ್ ಕಂಪನಿಯಲ್ಲಿದ್ದಾರೆ. ಪಾವಗಡದ ಹತ್ತಿರ, ನಮ್ಮೂರು ವಳ್ಳೂರಲ್ಲಿ."

"ಓಹ್, ಇಂಜಿನಿಯರಾ?"

ಅವಳು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸುಮ್ಮನೆ ನಕ್ಕಳು. ಬಾಯಿ ಬಿಡದೆಯೂ ಸುಳ್ಳು ಹೇಳಬಹುದು ಎಂಬುದು ಅವಳಿಗೆ ಅಂದು ತಿಳಿಯಿತು.

ಆಮೇಲೆ ದಿನಾ ಕಾಲೇಜು ಬಿಟ್ಟ ಮೇಲೆ ಲೈಬ್ರರಿಯಲ್ಲಿ ಇಬ್ಬರದೂ ಅದೇ ಕೆಲಸ. ಒಂದೊಂದು ದಿನ ಒಂದೊಂದು ಪೆನ್‌ಡ್ರೈವ್.

"ಇದು ಹೆಣ್ಣು ನೋಡೋ ಶಾಸ್ತ್ರ ಇದ್ದ ಹಾಗೆ ಮೇಡಂ. ಪೆನ್‌ಡ್ರೈವಿನಿಂದಲೇ ಓಡುತ್ತೆ, ಒಳಗಿರೋದನ್ನ ಏನೂ ಮುಟ್ಟಲ್ಲ. ಇಷ್ಟ ಆಗ್ಲಿಲ್ಲ ಅಂದ್ರೆ ಉಪ್ಪಿಟ್ಟು ತಿಂದು ಎದ್ದು ಹೋಗಬಹುದು."

"ಎಷ್ಟು ಮನೆ ಉಪ್ಪಿಟ್ಟು ತಿಂತೀರಾ ಸಾರ್ ನೀವು?"

"ಆತುರ ಪಡಬಾರದು. ಜೀವನದ ಪ್ರಶ್ನೆ."

ಪಪ್ಪಿ ಚುರುಕಾಗಿತ್ತು, ಆದರೆ ಯಾವುದು ಎಲ್ಲಿದೆ ಎಂದೇ ಅವಳಿಗೆ ತಿಳಿಯಲಿಲ್ಲ. ಲುಬುಂಟು ಎಂಬ ಇನ್ನೊಂದು ಹಗುರವಾಗಿತ್ತು, ಆದರೆ ಅವಳ ಲ್ಯಾಪ್‌ಟಾಪಿನ ವೈಫೈಗೂ ಅದಕ್ಕೂ ಯಾಕೋ ಆಗಿಬರಲಿಲ್ಲ. ಕೊನೆಗೆ ಮಿಂಟ್ ಎಂಬುದರ ಹಗುರವಾದ ಒಂದು ಬಗೆ ಸಿಕ್ಕಿತು. ಹೆಚ್ಚು ಕೇಳುವುದಿಲ್ಲ, ಇದ್ದುದರಲ್ಲೇ ಸಂಸಾರ ಮಾಡುತ್ತದೆ. "ಪುದೀನಾ ಗೆದ್ದಿತು!" ಎಂದು ಅವನು ಚಪ್ಪಾಳೆ ತಟ್ಟಿದ. ಅವಳು ಅವನ ಮುಖ ನೋಡುತ್ತಿದ್ದಳೇ ಹೊರತು ಸ್ಕ್ರೀನನ್ನಲ್ಲ.

ಅವನು ಬಗ್ಗಿದಾಗ ಅಂಗಿಯ ಕಾಲರಿನ ಒಳಗೆ ಶಿವದಾರ ಕಾಣಿಸುತ್ತಿತ್ತು. ಅವನ ತಂದೆ ಚನ್ನಮಲ್ಲಯ್ಯನವರು ಪೇಟೆಯಲ್ಲಿ ತಲೆತಲಾಂತರದ ವ್ಯಾಪಾರಸ್ಥರು. ಆ ದಾರ ಕಂಡಾಗಲೆಲ್ಲ ಲೋಹಿತಾ ಯೋಚನೆಗೆ ಬೀಳುತ್ತಿದ್ದಳು. 'ನಾನು ಯಾರು ಅಂತ ಗೊತ್ತಾದ ದಿನ ಇವನು ಹೀಗೇ ನಗ್ತಾನಾ?' ಇವತ್ತು ಹೇಳಬೇಕು ಎಂದುಕೊಂಡು ಬರುವಳು, ನಾಳೆ ಹೇಳಿದರಾಯಿತು ಎಂದುಕೊಂಡು ಹೋಗುವಳು.

ಮಿಂಟ್ ಅನ್ನು ಪೂರ್ತಿಯಾಗಿ ಹಾಕುವುದೆಂದು ನಿಶ್ಚಯವಾದದ್ದು ಒಂದು ಸೋಮವಾರಕ್ಕೆ. ಆ ಭಾನುವಾರ ಊರಿಗೆ ಹೋಗಿದ್ದವಳು ಚಾರ್ಜರನ್ನು ಅಲ್ಲೇ ಮರೆತು ಬಂದಿದ್ದಳು!

"ಪರವಾಗಿಲ್ಲ, ಯಾರದ್ದಾದ್ರೂ ಹೊಂದುತ್ತಾ ನೋಡ್ತೀನಿ," ಎಂದು ಪ್ರಭುದೇವ್ ಏಳುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಪೆದ್ದಣ್ಣ. ಅವಳ ಅಪ್ಪ.

ಕೈಯಲ್ಲಿ ಚಾರ್ಜರ್ ಸುತ್ತಿದ ಪ್ಲಾಸ್ಟಿಕ್ ಕವರ್, ಬೇಯಿಸಿದ ಕಡ್ಲೇಕಾಯಿಯ ಗಂಟು. ಮೈಮೇಲೆ ಕಂಪನಿಯ ಹಳದಿ ಪಟ್ಟಿಯ ಜಾಕೆಟ್. ಬಿಸಿಲಿಗೆ ಸುಟ್ಟ ಮುಖದ ತುಂಬ ಮಗಳನ್ನು ಕಂಡ ಖುಷಿ.

ಅವನು ಬಾಯಿ ತೆರೆಯುವ ಮೊದಲೇ ಅವಳ ಬಾಯಿ ತೆರೆದುಕೊಂಡಿತು.

"ಸಾರ್, ಇವರು... ನಮ್ಮೂರಿನವರು. ಚಾರ್ಜರ್ ಕೊಟ್ಟು ಕಳಿಸಿದ್ದಾರೆ ಅಪ್ಪ."

ಆಡಿಬಿಟ್ಟಳು! ಆಡಿದ ಮೇಲೆ ಅವಳಿಗೇ ಅದು ತನ್ನ ದನಿಯೆಂದು ನಂಬಲಾಗಲಿಲ್ಲ.

ಪೆದ್ದಣ್ಣ ಒಂದು ಗಳಿಗೆ ಮಗಳನ್ನೇ ನೋಡಿದ. ಆಮೇಲೆ ನಿಧಾನವಾಗಿ ತಲೆಯಾಡಿಸಿದ.

"ಹೂಂ ಸಾರ್. ನಾನು ಇವರೂರ್ನೋನು. ಇವರಪ್ಪ ಕೊಟ್ ಕಳ್ಸವ್ರೆ. ವೈರು ಇಲ್ದಿದ್ರೆ ಮೇಡಮ್ಮೋರ್ಗೆ ಕೆಲ್ಸ ಕೆಡ್ತದೆ ಅಂತ."

"ಕೂತ್ಕೊಳ್ಳಿ ಯಜಮಾನ್ರೇ, ಟೀ ತರಿಸ್ತೀನಿ."

"ಬ್ಯಾಡ ಸಾರ್. ಬಸ್ಸು ಒಂಟೋಯ್ತದೆ." ಗಂಟನ್ನು ಮೇಜಿನ ತುದಿಯಲ್ಲಿಟ್ಟ. ಹೊಸ್ತಿಲ ಹತ್ತಿರ ಹೋದವನು ಅಭ್ಯಾಸ ಬಲದಿಂದ ತಿರುಗಿದ. "ಬತ್ತೀನಿ ತಲ್ಲೀ..."

ತಕ್ಷಣ ನಾಲಿಗೆ ಕಚ್ಚಿಕೊಂಡ. "ಬತ್ತೀನಿ ಮೇಡಂ."

ಪಾವಗಡದ ಕಡೆ ಅಪ್ಪಂದಿರು ಮಗಳನ್ನು ಕರೆಯುವ ಆ ತೆಲುಗು ಮಾತು ಮಧುಗಿರಿಯವರಿಗೇನೂ ಹೊಸದಲ್ಲ. ಪ್ರಭುದೇವ್ ಕೇಳಿಸಿಕೊಂಡನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವನು ತಲೆ ತಗ್ಗಿಸಿ ಚಾರ್ಜರ್ ಚುಚ್ಚುತ್ತಿದ್ದ.

ಸ್ಕ್ರೀನ್ ಬೆಳಗಿತು. ಅವಳಿಗೆಂದೇ ಅವನು ಎಲ್ಲವನ್ನೂ ಕನ್ನಡದಲ್ಲಿ ಬರುವಂತೆ ಮಾಡಿದ್ದ.

"ಹಳೇದನ್ನೂ ಉಳಿಸ್ಕೊಂಡು ಪಕ್ಕದಲ್ಲೇ ಹೊಸದನ್ನ ಹಾಕಬಹುದು ಮೇಡಂ. ಇಲ್ಲಾಂದ್ರೆ ಎಲ್ಲಾನೂ ಅಳಿಸಬಹುದು. ಬೇಕಾದ್ದು ಏನಾದ್ರೂ ಇದೆಯಾ ಒಳಗೆ?"

ಇತ್ತು. ಲ್ಯಾಪ್‌ಟಾಪ್ ಕೊಟ್ಟ ದಿನ ಕಾಲೇಜಿನ ಮೆಟ್ಟಿಲ ಮೇಲೆ ಅಪ್ಪ ಮಗಳು ಇಬ್ಬರೂ ಡಬ್ಬ ಹಿಡಿದು ನಿಂತ ಫೋಟೋ. ಬೇರೆಲ್ಲೂ ಇಲ್ಲದ ಫೋಟೋ. ಉಳಿಸಿದರೆ, ಈಗಷ್ಟೇ 'ನಮ್ಮೂರಿನವರು' ಎಂದವರ ಮುಖ ಅದರಲ್ಲಿ ಅವನ ಕಣ್ಣಿಗೆ ಬೀಳಬಹುದು...

"ಏನೂ ಇಲ್ಲ. ಎಲ್ಲಾ ಅಳಿಸಿ."

ಅವನು ಕೈ ಮುಂದೆ ಮಾಡಲಿಲ್ಲ. ಅವಳೇ ಒತ್ತಿದಳು. 'ಅಳಿಸು' ಎಂದು ಬರೆದಿದ್ದ ಗುಂಡಿಯನ್ನು.

ಒತ್ತಿ ತಲೆ ಎತ್ತಿದರೆ ಕಿಟಕಿಯಾಚೆ ಗೇಟಿನ ಕಡೆ ನಡೆಯುತ್ತಿದ್ದ ಪೆದ್ದಣ್ಣ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಅಳಿಸು... ಒರೆಸಿ ಹಾಕುವುದಕ್ಕೂ ಅದೇ ಮಾತು, ಅಳುವಂತೆ ಮಾಡುವುದಕ್ಕೂ ಅದೇ ಮಾತು! ಒಂದೇ ಬೆರಳಿನಲ್ಲಿ ಎರಡನ್ನೂ ಮಾಡಿಬಿಟ್ಟಿದ್ದಳು.

"ಈಗ ನಿಮ್ಮ ಹೆಸರು ಕೇಳ್ತಿದೆ," ಎಂದ ಪ್ರಭುದೇವ್. ದನಿ ಯಾಕೋ ಮೆತ್ತಗಿತ್ತು. "ಅದರ ಕೆಳಗೆ ಲ್ಯಾಪ್‌ಟಾಪಿಗೂ ಒಂದು ಹೆಸರಿಡಬೇಕು. ಜನ ಸಾಮಾನ್ಯವಾಗಿ ತಮಗೆ ಬೇಕಾದವರ ಹೆಸರು ಇಡ್ತಾರೆ."

ಬೇಕಾದವರು! ಅವಳ ಕಣ್ಣು ಮಂಜಾಯಿತು. ಕುರ್ಚಿ ತಳ್ಳಿ ಎದ್ದವಳೇ ಬ್ಯಾಗನ್ನೂ ಬಿಟ್ಟು, ಕೈಯಲ್ಲಿದ್ದ ಫೋನಿನೊಂದಿಗೇ ಗೇಟಿನ ಕಡೆ ಓಡಿದಳು. ಸ್ಟ್ಯಾಂಡ್ ತಲುಪುವಷ್ಟರಲ್ಲಿ ಪಾವಗಡದ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿನ ತುಂಬ ಅವಳು ಸೆರಗಿನಲ್ಲಿ ಮುಖ ಮುಚ್ಚಿ ಕೂತಿದ್ದಳು.

ವಳ್ಳೂರಿನ ಮನೆ ತಲುಪಿದಾಗ ಪೆದ್ದಣ್ಣ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದ. ಅವಳು ಹೋಗಿ ಆ ಒದ್ದೆ ಕಾಲನ್ನೇ ಹಿಡಿದುಕೊಂಡಳು.

"ಅಪ್ಪಾ, ನನ್ನ ಹೊಡೀರಿ ಅಪ್ಪಾ..."

"ಯಾಕಮ್ಮ ಹೊಡೀಲಿ? ನಾನು ನಿಮ್ಮೂರ್ನೋನೇ ತಾನೆ? ಸುಳ್ಳೇನ್ ಹೇಳ್ದೆ ನೀನು?" ಪೆದ್ದಣ್ಣ ನಕ್ಕ. ಆ ನಗು ಏಟಿಗಿಂತ ಹೆಚ್ಚಾಗಿ ನೋಯಿಸಿತು. ಅವಳನ್ನು ಎಬ್ಬಿಸುತ್ತ ಕೇಳಿದ, "ಒಂದ್ ಮಾತ್ ಹೇಳು. ಆ ಜಾಕೀಟು ಹಾಕ್ಕಂಡ್ ಬರ್ಬಾರ್ದಾಗಿತ್ತಾ? ನನ್ ಬಟ್ಟೇಲೆಲ್ಲ ಅದೇ ಚೆಂದಾಗೈತೆ ಅಂತ ಹಾಕ್ಕಂಡೆ."

ಲೋಹಿತಾ ಬಿಕ್ಕಿ ಬಿಕ್ಕಿ ಅತ್ತಳು. "ನಮ್ಮಿಬ್ಬರ ಫೋಟೋನೂ ಅಳಿಸ್ಬುಟ್ಟೆ ಅಪ್ಪಾ... ಇನ್ನು ಸಿಗಲ್ಲ..."

ಒಲೆಯ ಮುಂದಿದ್ದ ತಾಯಿ ದಾಸಮ್ಮ ಅಲ್ಲಿಂದಲೇ ಗದರಿದಳು. "ಫೋಟೋ ಹೋದ್ರೆ ಹೋಯ್ತು. ಅಪ್ಪ ಕಣ್ಮುಂದೆ ಅವ್ನೆ ಕಣಮ್ಮ, ನೆಟ್ಟಗೆ ನೋಡು."

ಅವಳು ರಜೆ ಹಾಕಿದಳು. ಪ್ರಭುದೇವನ ಫೋನ್ ಬಂದಾಗಲೆಲ್ಲ ನೋಡುತ್ತ ಕೂತಳೇ ಹೊರತು ಎತ್ತಲಿಲ್ಲ. ಎತ್ತಿ ಏನು ಹೇಳುವುದು? ಹೆತ್ತಪ್ಪನನ್ನೇ ಅಲ್ಲ ಎಂದವಳು ಯಾರನ್ನು ತನ್ನವನು ಎನ್ನಬಲ್ಲಳು?

ಭಾನುವಾರ ಮನೆ ಮುಂದೆ ಬೈಕ್ ನಿಂತಿತು. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್, ತಲೆಯ ತುಂಬ ಧೂಳು... ಪ್ರಭುದೇವ್!

ಲೋಹಿತಾ ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಎನ್ನಿಸಿತು. ಹೋಗಲಿಲ್ಲ. ಜಗಲಿಯ ಮೇಲಿದ್ದ ಅಪ್ಪನ ಪಕ್ಕಕ್ಕೆ ಬಂದು ಅವನ ಕೈ ಹಿಡಿದುಕೊಂಡಳು.

"ಸಾರ್, ಇವರು ನಮ್ಮಪ್ಪ. ಪೆದ್ದಣ್ಣ. ಇಂಜಿನಿಯರ್ ಅಲ್ಲ, ಸೋಲಾರ್ ಪ್ಲೇಟ್ ತೊಳೀತಾರೆ. ನನಗೆ ತಮ್ಮ ಇಲ್ಲ. ಆ ಲ್ಯಾಪ್‌ಟಾಪ್ ಸರ್ಕಾರ ಕೊಟ್ಟಿದ್ದು, ನಾವು ಎಸ್ಸಿ ಅಂತ. ನಾನು ನಿಮಗೆ ಹೇಳಿದ್ದೆಲ್ಲ ಸುಳ್ಳು."

ಹೇಳಿ ಮುಗಿಸಿದರೂ ಅವಳು ಅಪ್ಪನ ಕೈ ಬಿಡಲಿಲ್ಲ.

"ಗೊತ್ತು," ಎಂದ ಪ್ರಭುದೇವ್.

ಅಷ್ಟರಲ್ಲಿ ದಾಸಮ್ಮ ಅಂಗಡಿಗೆ ಓಡಿ ಒಂದು ಕೂಲ್‌ಡ್ರಿಂಕ್ ಬಾಟಲಿ ತಂದಿದ್ದಳು. ಸೀಲು ಒಡೆಯದ ಬಾಟಲಿ. ಮೇಲ್ಜಾತಿಯವರು ಬಂದಾಗ ಕೊಡುವುದು ಅದನ್ನೇ, ತಮ್ಮ ಮನೆಯ ಲೋಟ ಮುಟ್ಟಿಸಬೇಕಾಗುವುದಿಲ್ಲ. ಪ್ರಭುದೇವ್ ಬಾಟಲಿಯನ್ನು ನೋಡಿದ, ದಾಸಮ್ಮನನ್ನು ನೋಡಿದ.

"ಇದು ಬೇಡಮ್ಮ. ಕುಡಿಯೋಕೆ ನೀರು ಕೊಡಿ, ನೀವು ಕುಡಿಯೋ ಚೊಂಬಲ್ಲೇ."

ಗಟಗಟ ಕುಡಿದ. ಬಾಯಿ ಒರೆಸಿಕೊಂಡು ಲೋಹಿತಾಳ ಕಡೆ ತಿರುಗಿದ.

"ಮುಚ್ಚಳದ ಗುರುತು ನೋಡಿದ ದಿನಾನೇ ಗೊತ್ತಾಯ್ತು. ನಾನು ಡಿಗ್ರಿ ಓದುವಾಗ ಇದೇ ಲ್ಯಾಪ್‌ಟಾಪ್ ನಮ್ಮ ಕಾಲೇಜಿನಲ್ಲೂ ಕೊಟ್ರು. ಆವತ್ತು ಯಾರೋ ಆಡ್ಕೊಂಡ್ರು. ನಾನು ಅಂದಿಲ್ಲ, ಆದ್ರೆ ನಕ್ಕೆ. ಎಲ್ಲರ ಜೊತೆ ನಾನೂ ನಕ್ಕೆ. ನೀವು ಆ ಮುದ್ರೆ ಕೆರೆದು ಹಾಕಿದ್ದು ಅಂಥ ನಗುವಿಗೇ ಹೆದರಿ ಇರಬೇಕು." ಅವನು ಪೆದ್ದಣ್ಣನ ಕಡೆ ನೋಡಿದ. "ಮೊನ್ನೆ ಇವರು 'ತಲ್ಲೀ' ಅಂದಾಗಲೂ ಕೇಳಿಸ್ತು. ಓಡಿ ಹೋಗಿ ಇವರನ್ನ ಕರ್ಕೊಂಡು ಬರಬೇಕಿತ್ತು. ಚಾರ್ಜರ್ ಚುಚ್ಚುತ್ತಾ ತಲೆ ತಗ್ಗಿಸಿಬಿಟ್ಟೆ. ನಾಚಿಕೆ ಪಡಬೇಕಾದವರು ನೀವೊಬ್ಬರೇ ಅಲ್ಲ ಲೋಹಿತಾ."

ಮೇಡಂ ಹೋಗಿ ಲೋಹಿತಾ ಆದದ್ದನ್ನು ಪೆದ್ದಣ್ಣ ಗಮನಿಸಿದ. ಮೀಸೆ ಸವರಿಕೊಂಡ.

"ನಿಮ್ಮನೇಲಿ ಗೊತ್ತಾದ್ರೆ?" ಅವಳು ಪಿಸುಗುಟ್ಟಿದಳು.

"ಹೇಳ್ಬಿಟ್ಟೇ ಬಂದೆ. ಅಪ್ಪ ಮಾತು ಬಿಟ್ಟಿದ್ದಾರೆ. ಯಾವಾಗ ಆಡ್ತಾರೋ ಗೊತ್ತಿಲ್ಲ, ಆಡ್ತಾರೆ ಅಂತ ಸುಳ್ಳು ಧೈರ್ಯ ಕೊಡಲ್ಲ. ಯಾರು ಆ ಹುಡುಗಿ ಅಂತ ಕೇಳಿದ್ರು. 'ನಮ್ಮ ಕಾಲೇಜಿನವರು' ಅನ್ಲಿಲ್ಲ ನಾನು. ನಾನು ಮದುವೆ ಆಗಬೇಕು ಅಂತಿರೋಳು ಅಂದೆ... ನೀವು ಒಪ್ಪಿದ್ರೆ."

ಲೋಹಿತಾ ಅಪ್ಪನ ಕಡೆ ನೋಡಿದಳು.

ಅವನು ಲ್ಯಾಪ್‌ಟಾಪ್ ತೆಗೆದು, ಚಾರ್ಜರ್ ಚುಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡಿದ. ಹೆಸರು ಕೇಳುವ ಜಾಗಕ್ಕೆ ತಂದು ಅವಳ ಕಡೆ ತಿರುಗಿಸಿದ. "ಅವತ್ತು ಇಲ್ಲೇ ಬಿಟ್ಟು ಓಡಿದ್ರಿ. ಹಳೇದೂ ಇಲ್ಲ, ಹೊಸದೂ ಇಲ್ಲ, ಪಾಪ ಕಾಯ್ತಾ ಇದೆ."

ಅವಳು ತನ್ನ ಹೆಸರು ಬರೆದಳು. ಕೆಳಗೆ ಲ್ಯಾಪ್‌ಟಾಪಿನ ಹೆಸರು ಕೇಳುವ ಖಾನೆಯಲ್ಲೂ ಅವಳ ಬೆರಳು ತಡೆಯಲಿಲ್ಲ. ಎಲ್ಲ ಮುಗಿದು ಹೊಸ ಪರದೆ ತೆರೆದಾಗ ಪ್ರಭುದೇವ್ ಒಂದು ಕಪ್ಪು ಕಿಟಕಿ ತೆಗೆದ. ಅದರಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು ಮಿನುಗುತ್ತಿತ್ತು.

"ಏನ್ ಬರ್ದೈತಮ್ಮ?" ಪೆದ್ದಣ್ಣ ಬಗ್ಗಿ ನೋಡಿದ.

"ಲೋಹಿತಾ, ಅಟ್, ಪೆದ್ದಣ್ಣ," ಓದಿದಳು. "ಅಂದ್ರೆ... ಪೆದ್ದಣ್ಣನ ಮನೆಯ ಲೋಹಿತಾ ಅಂತ. ಆನ್ ಮಾಡಿದಾಗಲೆಲ್ಲ ಇದೇ ಇರುತ್ತೆ ಅಪ್ಪಾ."

ಪೆದ್ದಣ್ಣ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದ. ಟವೆಲ್ ತೆಗೆದುಕೊಂಡು ಹಿತ್ತಲ ಕಡೆ ಹೋದ. ದಾಸಮ್ಮನೂ ಹಿಂದೆಯೇ ಹೋದಳು.

ಜಗಲಿಯಲ್ಲಿ ಇಬ್ಬರೇ ಉಳಿದರು.

"ಮತ್ತೆ... ಹೆಣ್ಣು ನೋಡೋಕೆ ಬಂದವರಿಗೆ ಏನೂ ಕೊಡಲ್ವಾ?" ಪ್ರಭುದೇವ್ ಮೆಲ್ಲಗೆ ಕೇಳಿದ.

ಅವಳು ಕಣ್ಣೊರೆಸಿಕೊಂಡಳು. "ಉಪ್ಪಿಟ್ಟು ಮಾಡ್ತೀನಿ. ತಿಂದು ಎದ್ದು ಹೋಗ್ತೀರಾ?"

"ಇಲ್ಲ. ಈ ಸಲ ಎದ್ದು ಹೋಗಲ್ಲ."