ದೋಣಿಗೆ ಹೊಡೆದ ಗೂಟ

ಅಮೆರಿಕದ ಲೂಯಿಸಿಯಾನಾದ ಜೌಗಿನಲ್ಲಿ ನೀರು ಇಳಿಯುವುದರೊಳಗೆ ದೊಡ್ಡ ಕೊಳ ಮುಟ್ಟಬೇಕು, ಗಂಬೋ ಎಂಬ ಮಾಂಸದ ಸಾರಿಗೆ ಆಗುವಷ್ಟು ಬಾತು ಹೊಡೆದು ಹಿಂದಿರುಗಬೇಕು. ಕೆಲಸ ಅಷ್ಟೇ. ಆದರೂ ಆಲ್ಸಿಡ್ ಬೆಳಗಿನಿಂದ ಬಂದೂಕನ್ನೇ ಮತ್ತೆ ಮತ್ತೆ ನೋಡುತ್ತಿದ್ದ. ಬಂದೂಕಿನ ತೋಟೆಗೊಳವೆಯೊಳಗೆ ಮರದ ಗೂಟವಿರಬೇಕು; ಆಗ ನಳಿಗೆಯದೂ ಸೇರಿ ಬಂದೂಕು ಮೂರೇ ತೋಟೆ ಹಿಡಿಯುತ್ತದೆ. ಬಾತುಬೇಟೆಗೆ ಕಾನೂನು ಬಿಟ್ಟಿರುವುದು ಅಷ್ಟನ್ನೇ. ಹಿಂದೊಮ್ಮೆ ಗೂಟವಿಲ್ಲದೆ ಸಿಕ್ಕಿಬಿದ್ದು ಒಂದು ವರ್ಷ ಪರವಾನಗಿ ಕಳೆದುಕೊಂಡಿದ್ದ. ಇನ್ನೊಮ್ಮೆ ಸಿಕ್ಕರೆ, ಜನರನ್ನು ಬೇಟೆಗೆ ಕರೆದೊಯ್ಯುವ ಕಸುಬೇ ಶಾಶ್ವತವಾಗಿ ಹೋದಂತೆ.

ಅವನು ಬಂದೂಕು ಅಲ್ಲಾಡಿಸಿದ. ಒಳಗೆ ಗೂಟ ಲೊಟಲೊಟ ಎಂದಿತು.

"ಇನ್ನೆಷ್ಟು ಸಲ ಅಲ್ಲಾಡಿಸ್ತೀಯ ಚಿಕ್ಕಪ್ಪಾ? ಬಾತುಗಳೇನು ಗಿಲಕಿ ಸದ್ದಿಗೆ ಬರ್ತಾವಾ?" ದೋಣಿಗೆ ಹುಟ್ಟು ಹಾಕುತ್ತಿದ್ದ ಅಣ್ಣನ ಮಗಳು ಒಡೆಲಿಯಾ ನಕ್ಕಳು.

ಬೇಟೆ ಚೆನ್ನಾಗಿಯೇ ಆಯಿತು. ಐದು ಬಾತುಗಳು ದೋಣಿಗೆ ಬಿದ್ದವು. ಹಿಂದಿರುಗುವಾಗ ಮಂಜು ಕವಿಯಿತು. ಸೈಪ್ರೆಸ್ ಮರಗಳು ಗಡ್ಡದಂಥ ಪಾಚಿ ಇಳಿಬಿಟ್ಟುಕೊಂಡು ಮಂಜಿನೊಳಗಿಂದ ಒಂದೊಂದಾಗಿ ಎದುರಾಗಿ ಹಿಂದೆ ಸರಿಯುತ್ತಿದ್ದವು. ಎರಡೂ ಬದಿಗೆ ಹುಲ್ಲು ನೆಲದಂತೆ ಹಬ್ಬಿತ್ತು, ಕಾಲಿಟ್ಟರೆ ಮಾತ್ರ ಸೊಂಟದವರೆಗೆ ಕೆಸರು.

ಧಡ್!

ಮುಳುಗಿದ್ದ ಮರದ ಬುಡ ದೋಣಿಯ ತಳವನ್ನು ತೂತು ಮಾಡಿತ್ತು. ಹೆಬ್ಬೆರಳಿನಷ್ಟು ದಪ್ಪದ ನೀರು ಚಿಮ್ಮಿತು.

"ಮೊಗೆಯೇ, ಮೊಗೆ!"

ಒಡೆಲಿಯಾ ಬೂಟು ಕಳಚಿ ಅದರಲ್ಲೇ ನೀರು ಮೊಗೆದೆಸೆದಳು. ಆಲ್ಸಿಡ್ ಚಿಂದಿ ತುರುಕಿದ. ನಿಲ್ಲಲಿಲ್ಲ. ಹುಲ್ಲು ತುರುಕಿದ. ನಿಲ್ಲಲಿಲ್ಲ. ನೀರು ಮೀನಖಂಡಕ್ಕೇರಿತು.

ಅವನ ಕಣ್ಣು ಬಂದೂಕಿನ ಮೇಲೆ ಬಿತ್ತು.

"ಗೂಟ ತೆಗೀಬೇಡ ಚಿಕ್ಕಪ್ಪಾ! ಬಾತು ಬೇರೆ ಇವೆ ದೋಣೀಲಿ. ಯಾರಾದ್ರೂ ನೋಡಿದ್ರೆ?"

"ಮುಳುಗಿದ್ರೆ ಯಾರು ನೋಡ್ತಾರೆ?"

ತೋಟೆಗಳನ್ನು ಹೊರತೆಗೆದ. ಕೊಳವೆಯ ಮುಚ್ಚಳ ತಿರುಗಿಸಿ, ಹಾರಲಿದ್ದ ಸ್ಪ್ರಿಂಗನ್ನು ಅಂಗೈಯಲ್ಲಿ ತಡೆದು ಗೂಟ ಎಳೆದುಕೊಂಡ. ತನ್ನ ಒಂದು ಕಾಲುಚೀಲ ಬಿಚ್ಚಿ ಅದಕ್ಕೆ ಸುತ್ತಿದ, ತೂತಿಗಿಟ್ಟು ಹುಟ್ಟಿನ ಹಿಡಿಯಿಂದ ಜಡಿದ.

ನೀರು ನಿಂತಿತು. ಆಲ್ಸಿಡ್ ಸ್ಪ್ರಿಂಗನ್ನು ಒಳಗೊತ್ತಿ ಕೊಳವೆಯ ಮುಚ್ಚಳ ಮತ್ತೆ ಬಿಗಿದ.

ಮೊದಲ ತಿರುವು ದಾಟುವಷ್ಟರಲ್ಲೇ ಮಂಜಿನೊಳಗಿಂದ ಬೇಟೆ ಕಾವಲಿನವರ ದೋಣಿ ಬಂತು. ಅದರಲ್ಲಿ ಕಾರ್ಮೂಶ್. ಹಿಂದೆ ಹಿಡಿದವನೂ ಅವನೇ.

ಕಾರ್ಮೂಶ್ ಬಂದೂಕು ಇಸಿದುಕೊಂಡು ತೋಟೆ ತುಂಬುತ್ತ ಹೋದ. ನಾಲ್ಕನೆಯದೂ ಸಲೀಸಾಗಿ ಒಳಹೋಯಿತು.

"ಗೂಟ ಎಲ್ಲಯ್ಯಾ?"

"ದೋಣಿ ತಳದಲ್ಲಿದೆ ಸಾರ್. ತೂತಿಗೆ ಹೊಡೆದಿದೀನಿ."

"ಹೋದ ಸಲ ನಾಯಿ ಕಚ್ಕೊಂಡು ಹೋಯ್ತು ಅಂದಿದ್ದೆ."

"ಕಿತ್ತೇ ನೋಡಿ ಸಾರ್," ಎಂದಳು ಒಡೆಲಿಯಾ. "ಮೊದ್ಲು ನಿಮ್ಮ ದೋಣೀಲಿ ನಮಗೆ ಜಾಗ ಮಾಡಿ."

ಕಾರ್ಮೂಶ್ ನಗಲಿಲ್ಲ. ಹಗ್ಗ ಎಸೆದು ಅವರ ದೋಣಿಯನ್ನು ದಡದವರೆಗೂ ಎಳೆದೊಯ್ದ.

ದಡದಲ್ಲಿ ಗೂಟ ಕಿತ್ತರು. ಏಟಿಗೆ ಅದರ ತಲೆ ಅಣಬೆಯಂತೆ ಅರಳಿತ್ತು. ಕೊಳವೆಗೆ ಹೋಗಲೊಲ್ಲದು. ಆಲ್ಸಿಡ್ ಚಾಕುವಿನಿಂದ ಅಂಚನ್ನಷ್ಟೇ ಹೆರೆದ. ಉದ್ದ ಕೂದಲಷ್ಟೂ ಕಡಿಮೆಯಾಗಬಾರದು; ಗೂಟ ಗಿಡ್ಡವಾದರೆ ನಾಲ್ಕನೆಯ ತೋಟೆಗೂ ಜಾಗವಾಗುತ್ತದೆ. ಒತ್ತಿದ. ಸಿಕ್ಕಿಕೊಂಡಿತು. ಇನ್ನಷ್ಟು ಹೆರೆದ. ಒಳಕ್ಕೆ ಜಾರಿತು.

ಕಾರ್ಮೂಶ್ ನಳಿಗೆಗೆ ಒಂದು, ಕೊಳವೆಗೆ ಎರಡು ತೋಟೆ ತುಂಬಿದ. ನಾಲ್ಕನೆಯದನ್ನು ಒತ್ತಿದ. ನಿಂತಿತು. ಅಂಗೈ ಊರಿ ಬಲವಾಗಿ ಒತ್ತಿದ. ಅಲ್ಲೇ ನಿಂತಿತು.

ಅವನು ಎಲ್ಲ ತೋಟೆಗಳನ್ನೂ ಆಲ್ಸಿಡ್‌ನ ಕೈಗೆ ಸುರಿದ.

"ಬಾತು ತಗೊಂಡು ಮನೆಗೆ ನಡಿ. ಕಾಲುಚೀಲ ಹಿಂಡಿ ಹಾಕ್ಕೊಳ್ಳೋ, ಕಾಲು ನೀಲಿಗಟ್ಟಿದೆ."