ಮಾಯ್ಕೆನ್ ಹೆಸರಿದ್ದ ಹಾಳೆ

ಗಾಜಿನ ಪೆಟ್ಟಿಗೆಗೆ ಬೀಗ ಹಾಕಿತ್ತು. ಒಳಗೆ ಬೈಬಲ್ ಇತ್ತು. ಬೈಬಲ್ಲಿನ ಮೊದಲ ಹಾಳೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅದನ್ನು ಕಂಡವರು ಸಂಗನಬಸಪ್ಪ. ಹೊಲಿಗೆಯ ಪಕ್ಕದಲ್ಲಿ ಕಾಲು ಇಂಚಿನ ಅಂಚು ಮಾತ್ರ ಉಳಿದಿತ್ತು. ಯಾರೋ ಚೂಪಾದ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ದಿದ್ದರು.

ಅದು ಮಿಶಿಗನ್ನಿನ ಲಿವೋನಿಯಾದಲ್ಲಿರುವ ಡಚ್ ವಂಶಜರ ಸಂಘ. ಸುಮಾರು ನಾಲ್ಕು ನೂರು ವರ್ಷದ ಹಿಂದೆ ಹಡ್ಸನ್ ನದಿಯ ದಂಡೆಗೆ ಬಂದು ನೆಲೆಸಿದ ಡಚ್ಚರ ಮನೆತನಗಳನ್ನು ಪತ್ತೆಹಚ್ಚಿ, ಇಂಥವರು ಇಂಥವರ ಸಂತತಿ ಎಂದು ದಾಖಲಿಸುವುದು ಸಂಘದ ಕೆಲಸ. ಬಾಗಲಕೋಟೆಯ ಸಂಗನಬಸಪ್ಪ ಕಾರು ಕಂಪನಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಹಳೆಯ ಡಚ್ ಕೈಬರಹ ಓದುವುದನ್ನು ತಾವೇ ಕಲಿತು, ಆರು ವರ್ಷದಿಂದ ಸಂಬಳವಿಲ್ಲದೆ ಸಂಘದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು.

ಅವರೇ ಪೊಲೀಸರಿಗೆ ಫೋನ್ ಮಾಡಿದರು. ಡಿಟೆಕ್ಟಿವ್ ಕೊವಾಲ್ಸ್ಕಿ ಬಂದ.

"ಹಾಳೆಯನ್ನು ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ ಹತ್ತಕ್ಕೆ."

"ಸಂಜೆ ಬಾಗಿಲು ಹಾಕಿದವರು?"

"ನಾನೇ. ಐದಕ್ಕೆ. ಪೆಟ್ಟಿಗೆ ನೋಡಲಿಲ್ಲ."

"ಪೆಟ್ಟಿಗೆಯ ಕೀಲಿ?"

"ಆಫೀಸಿನ ಗೋಡೆಗೆ ತೂಗುಹಾಕಿರುತ್ತದೆ. ಬಾಗಿಲಿನ ಕೋಡ್ ಸಮಿತಿಯವರಿಗೆಲ್ಲ ಗೊತ್ತು."

ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಮಿಸೆಸ್ ಹೂಕ್ಸ್ಟ್ರಾ ಬಂದಳು. "ಸಮಿತಿಯವರು ಶನಿವಾರ ಹನ್ನೆರಡಕ್ಕೇ ಮೀಟಿಂಗ್ ಮುಗಿಸಿ ಹೋದರು. ಸಂಜೆ ಇಲ್ಲಿ ಒಬ್ಬರೇ ಇದ್ದವರು ನೀವು. ಇದು ನಮ್ಮ ಪೂರ್ವಜರ ವಸ್ತು, ಸಂಗನ್. ನಿಮಗಿದು ಹಳೆ ಕಾಗದ ಇರಬಹುದು."

"ಸಾರಿ," ಎಂದರು ಸಂಗನಬಸಪ್ಪ.

* * *

"ಸಾರಿ ಯಾಕ ಅಂದ್ರಿ?" ಹೆಂಡತಿ ಗುರುದೇವಿಯ ದನಿ ಅಡುಗೆಮನೆಯಿಂದ ಗ್ಯಾರೇಜಿನವರೆಗೆ ಕೇಳಿಸಿತು. "ಕದ್ದೀರೇನು?"

"ಹೊಣೆ ನಂದು ಇತ್ತಲ್ಲ."

"ಹೊಣೆ ಬ್ಯಾರೆ, ಕಳವು ಬ್ಯಾರೆ!"

ಸಂಗನಬಸಪ್ಪ ಹಾಸಿಗೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಗುರುದೇವಿ ಮೂವತ್ತು ವರ್ಷ ಪೆಥಾಲಜಿಸ್ಟ್ ಆಗಿದ್ದವರು. ಸೂಕ್ಷ್ಮದರ್ಶಕದಡಿ ಸಿಕ್ಕಿದ್ದನ್ನು ಮಾತ್ರ ನಂಬುವ ಕೆಲಸ. ಆ ಹಾಳೆಯಲ್ಲಿ ಏನಿತ್ತು ಎಂಬುದು ಅವರಿಗೆ ಗೊತ್ತಿತ್ತು. ಶುಕ್ರವಾರ ಸಂಜೆ ಊಟಕ್ಕೆ ಕೂತಾಗ ಗಂಡ ಹೇಳಿದ್ದರು.

ಬೈಬಲ್ ಟ್ಯೂನಿಸ್ ವಾನ್ ಬ್ರಾಕೆಲ್ ಎಂಬ ಡಚ್ಚನದು. ಮೊದಲ ಹಾಳೆಯಲ್ಲಿ ಅವನು ತನ್ನ ಮಕ್ಕಳ ಹುಟ್ಟನ್ನು ಬರೆದಿಟ್ಟಿದ್ದ. ಸಾವಿರದ ಒಂಬೈನೂರ ಹನ್ನೊಂದರಲ್ಲಿ ಅಚ್ಚಾದ ವಂಶಾವಳಿಯಲ್ಲಿ 'ಡಿರ್ಕ್, ತಾಯಿ ಮಾರಿಯಾ' ಎಂದಷ್ಟೇ ಇದೆ. ಸಂಘದವರೆಲ್ಲ ಓದಿದ್ದು ಆ ಪುಸ್ತಕವನ್ನೇ. ಭೂತಗನ್ನಡಿ ಹಿಡಿದು ಮೂಲವನ್ನು ಓದಿದ ಸಂಗನಬಸಪ್ಪನವರಿಗೆ ಸಿಕ್ಕ ಸಾಲು ಬೇರೆಯೇ ಆಗಿತ್ತು: 'ಡಿರ್ಕ್ ಮತ್ತು ಸುಸನ್ನಾ, ಅವಳಿ ಮಕ್ಕಳು. ತಾಯಿ ಮಾಯ್ಕೆನ್, ಆಫ್ರಿಕಾದವಳು, ನನ್ನ ಮನೆಯ ತೊತ್ತು.'

"ನೂರು ವರ್ಷ ಮುಚ್ಚಿಟ್ಟಾರ, ಗುರು," ಅಂದಿದ್ದರು. "ಸೋಮವಾರ ಸ್ಕ್ಯಾನ್ ಮಾಡಿ ಎಲ್ಲರಿಗೂ ಹೇಳ್ತೀನಿ. ಅಲ್ಲೀತನಕ ಯಾರಿಗೂ ಬ್ಯಾಡ."

ಸೋಮವಾರ ಬರುವುದರೊಳಗೆ ಹಾಳೆ ಹೋಗಿತ್ತು.

* * *

ಸೋಮವಾರ ಮಧ್ಯಾಹ್ನ ಡಾಕ್ಟರ್ ಮನೋಹರ್ ಬಂದ. ಮೈಸೂರಿನವನು, ಮೂಳೆ ಡಾಕ್ಟರು. ಹೆಂಡತಿ ಕ್ಯಾರನ್ ವಾನ್ ಬ್ರಾಕೆಲ್ ಮನೆತನದವಳು, ಡಿರ್ಕನ ವಂಶ. ಬೈಬಲ್ ಸಂಘಕ್ಕೆ ಕೊಟ್ಟಿದ್ದು ಅವಳ ಅಜ್ಜ. ಗಂಡ ಹೆಂಡತಿ ಇಬ್ಬರೂ ಸಂಘದ ಸಮಿತಿಯಲ್ಲಿದ್ದರು.

"ಅಂಕಲ್ ಹೇಗಿದಾರೆ ಆಂಟಿ? ನನಗಂತೂ ಶಾಕ್. ಶನಿವಾರ ಹನ್ನೆರಡಕ್ಕೆ ಮೀಟಿಂಗ್ ಮುಗಿದ ತಕ್ಷಣ ಸೀದಾ ವುಡ್‌ರಿಡ್ಜ್‌ಗೆ ಡ್ರೈವ್ ಮಾಡ್ದೆ, ಅಕ್ಕನ ಮೊಮ್ಮಗಳ ನಾಮಕರಣಕ್ಕೆ. ಎಲ್ಲೂ ನಿಲ್ಲಿಸ್ಲಿಲ್ಲ. ಐದಕ್ಕೆ ತಲುಪಿದೆ. ನಿನ್ನೆ ಫೋನ್ ಬಂದಾಗ್ಲೇ ಗೊತ್ತಾಗಿದ್ದು."

"ಚಹಾ ತಗೋ."

"ನಾನು ಹೂಕ್ಸ್ಟ್ರಾ ಹತ್ರ ಮಾತಾಡಿದೀನಿ. ಅಂಕಲ್ ತಪ್ಪಾಯ್ತು ಅಂತ ಒಂದು ಕಾಗದ ಬರ್ಕೊಟ್ರೆ ಕೇಸ್ ಬೇಡ ಅಂತಾರೆ."

ಗುರುದೇವಿಯ ಕೈಯಲ್ಲಿದ್ದ ಚಮಚ ನಿಂತಿತು. "ಮಾಡದಿದ್ದ ತಪ್ಪು ಒಪ್ಕೋಬೇಕಾ?"

"ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಮುನ್ನೂರೈವತ್ತು ವರ್ಷದ ಹಿಂದೆ ಸತ್ತ ಯಾವಳೋ ಮಾಯ್ಕೆನ್‌ಗೋಸ್ಕರ ಅಂಕಲ್ ಕೋರ್ಟ್ ಹತ್ಬೇಕಾ?"

"ನೀ ಆ ಹಾಳಿ ನೋಡೀಯೇನು?"

"ಇಲ್ಲಪ್ಪ. ನನಗೆ ಆ ಲಿಪಿ ಎಲ್ಲಿ ಅರ್ಥ ಆಗುತ್ತೆ?"

ಅವನು ಹೋದ ಮೇಲೆ ಗುರುದೇವಿ ಅಡುಗೆಮನೆಯಲ್ಲೇ ಕೂತು ಅವನಾಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟರು.

* * *

ಮಂಗಳವಾರ ಕೊವಾಲ್ಸ್ಕಿ ಫೋನ್ ಮಾಡಿ ಇನ್ನೊಂದು ಹೆಸರು ಹೇಳಿದ. ಅರ್ನೆಸ್ಟೀನ್ ಪೆಟವೇ, ಡೆಟ್ರಾಯ್ಟಿನ ಕಪ್ಪು ಮಹಿಳೆ, ನಿವೃತ್ತ ಶಿಕ್ಷಕಿ. ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದಳು. ಅದೇ ಹಾಳೆಯನ್ನು ನೋಡಬೇಕೆಂದು ಪತ್ರ ಬರೆದಿದ್ದಳು. "ನಿಮ್ಮ ಗಂಡನಿಂದ ಅದನ್ನು ಕೊಂಡಿರಬಹುದು" ಎಂಬುದು ಮಿಸೆಸ್ ಹೂಕ್ಸ್ಟ್ರಾಳ ಊಹೆಯಂತೆ.

ಗುರುದೇವಿ ಆಗಲೇ ಕಾರು ತೆಗೆದರು.

ಅರ್ನೆಸ್ಟೀನ್‌ಳಿಗೆ ಎಪ್ಪತ್ತೆಂಟು ವರ್ಷ. ಬಾಗಿಲು ಅರ್ಧ ಮಾತ್ರ ತೆಗೆದಳು. "ಸಂಘದವರ ಕಡೆಯವರಾ?"

"ಕಳ್ಳ ಅನ್ನಿಸಿಕೊಂಡವನ ಹೆಂಡತಿ."

ಬಾಗಿಲು ಪೂರ್ತಿ ತೆರೆಯಿತು.

ಊಟದ ಮೇಜಿನ ತುಂಬ ಕಾಗದಗಳಿದ್ದವು. ಹನ್ನೆರಡು ತಲೆಮಾರು ಹಿಂದಕ್ಕೆ ಹೋಗಿದ್ದಳು. ಕೊನೆಯಲ್ಲಿ ಟ್ಯೂನಿಸನ ಉಯಿಲಿನ ಪ್ರತಿ. 'ನನ್ನ ಡಿರ್ಕ್ ಹುಟ್ಟಿದ ಗಳಿಗೆಯಲ್ಲೇ ಹುಟ್ಟಿದ ಸುಸನ್ನಾ' ಎಂದು ಅದರಲ್ಲಿತ್ತು. ಡಿರ್ಕನನ್ನು ಮಗನೆಂದು ಸಾಕಿ, ಸುಸನ್ನಾಳನ್ನು ಅಳಿಯನಿಗೆ ತೊತ್ತಾಗಿ ಬರೆದುಕೊಟ್ಟಿದ್ದ ಅಪ್ಪ.

"ನಾನು ಸುಸನ್ನಾಳ ಕಡೆಯವಳು," ಎಂದಳು ಅರ್ನೆಸ್ಟೀನ್. "ಉಯಿಲು ಸಾಲದು, ಬೈಬಲ್ಲಿನ ಹಾಳೆ ಬೇಕು ಎಂದರು ಸಂಘದವರು. ಈಗ ಹಾಳೆಯೇ ಇಲ್ಲ. ನಾನು ಅದನ್ನು ಕದಿಯುತ್ತೇನೆಯೇ?"

"ಅವಳಿಗಳ ತಾಯಿಯ ಹೆಸರು ನಿಮಗೆ ಗೊತ್ತೇ?"

"ಪುಸ್ತಕದಲ್ಲಿ ಮಾರಿಯಾ ಅಂತಿದೆ. ನನ್ನ ಅರ್ಜಿಯಲ್ಲೂ ಹಾಗೇ ಬರೆದೆ. ಬೇರೆ ಎಲ್ಲೂ ಅವಳ ಹೆಸರು ಸಿಕ್ಕಿಲ್ಲ."

ಗುರುದೇವಿಗೆ ಬೇಕಾದ ಉತ್ತರ ಸಿಕ್ಕಿತು.

* * *

"ಏಳ್ರಿ," ಎಂದು ಗಂಡನ ಹೊದಿಕೆ ಎಳೆದರು. "ಆ ಪೆಟ್ಟಿಗ್ಯಾಗ ಬೈಬಲ್ ಬಿಟ್ಟು ಬ್ಯಾರೆ ಏನೈತಿ?"

"ಏನಿಲ್ಲ... ತೇವ ಅಳೆಯೂ ಡಬ್ಬಿ ಐತಿ. ನಾನ ಇಟ್ಟೀನಿ." ಅವರು ನಿಧಾನವಾಗಿ ಎದ್ದು ಕುಳಿತರು. "ಹತ್ತು ನಿಮಿಷಕ್ಕೊಮ್ಮೆ ಬರಕೋತೈತಿ."

ಫೆಬ್ರುವರಿಯ ಮಿಶಿಗನ್. ಹೀಟರ್ ಉರಿಯುವ ಕೋಣೆಯ ಗಾಳಿ ಒಣ ಬೂದಿಯ ಹಾಗಿರುತ್ತದೆ. ಹಳೆಯ ಕಾಗದ ಬಿರಿಯದಿರಲೆಂದು ಪೆಟ್ಟಿಗೆಯೊಳಗೆ ಯಾವಾಗಲೂ ಶೇಕಡ ನಲವತ್ತೈದು ತೇವ ಇರುವಂತೆ ಮಾಡಿದ್ದರು. ಮುಚ್ಚಳ ತೆಗೆದರೆ ತೇವ ಇಳಿಯಲೇಬೇಕು. ಲ್ಯಾಪ್‌ಟಾಪಿನಲ್ಲಿ ಗೆರೆ ಮೂಡಿತು. ಶನಿವಾರ ಬೆಳಿಗ್ಗೆಯಿಂದ ಸಮನಾಗಿದ್ದ ಗೆರೆ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಧುಮುಕಿತ್ತು. ಒಂದೂ ನಲವತ್ತರಿಂದ ಮತ್ತೆ ಏರುತ್ತಿತ್ತು. ಅಲ್ಲಿಂದ ಭಾನುವಾರದವರೆಗೆ ಪೆಟ್ಟಿಗೆ ತೆರೆದಿರಲಿಲ್ಲ.

"ಒಂದೂ ಇಪ್ಪತ್ತಕ್ಕ ನಾವೆಲ್ಲಿದ್ವಿ?"

"ಹಲ್ಲಿನ ಡಾಕ್ಟರ್ ಕುರ್ಚಿ ಮ್ಯಾಲೆ. ಮೂರಕ್ಕ ಬಿಟ್ರು, ಆಮ್ಯಾಲ ನಾ ಸಂಘಕ್ಕ ವಾಪಸ್ ಹೋದೆ. ನೀನೂ ಇದ್ದಿ."

ಗುರುದೇವಿ ವುಡ್‌ರಿಡ್ಜ್ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ಮಗಳು ವರ್ಷಾಗೆ ಫೋನ್ ಮಾಡಿದರು. ಶನಿವಾರ ವುಡ್‌ರಿಡ್ಜ್‌ನ ನಾಮಕರಣಕ್ಕೆ ಅವಳೂ ಹೋಗಿದ್ದಳು.

"ಮನೋಹರ್ ಎಷ್ಟಕ್ಕ ಬಂದಾ?"

"ಮನೋಹರ್ ಅಂಕಲ್? ಫೈವ್. ಎಕ್ಸಾಕ್ಟ್ಲೀ. ಫೋಟೋ ಇದೆ ಅಮ್ಮಾ, ಹಿಂದೆ ವಾಲ್ ಕ್ಲಾಕ್ ಕೂಡ ಕಾಣ್ಸುತ್ತೆ. ವೈ?"

"ಆ ಫೋಟೋ ಕಳಸು."

* * *

ಬುಧವಾರ ಸಮಿತಿ ಸೇರಿತು. ವಿಷಯ ಒಂದೇ, ಸಂಗನಬಸಪ್ಪನವರನ್ನು ತೆಗೆಯುವುದು. ಗುರುದೇವಿ ಗಂಡನ ಜೊತೆ ಬಂದರು. ಹಿಂದೆಯೇ ಅರ್ನೆಸ್ಟೀನ್. ಅವಳ ಹಿಂದೆ ಕೊವಾಲ್ಸ್ಕಿ.

"ಇದು ಸದಸ್ಯರ ಸಭೆ," ಎಂದಳು ಮಿಸೆಸ್ ಹೂಕ್ಸ್ಟ್ರಾ.

"ನನ್ನ ಗಂಡನ ಮಾನದ ಸಭೆ," ಎಂದರು ಗುರುದೇವಿ, ಇಂಗ್ಲಿಷಿನಲ್ಲೇ. "ಹತ್ತು ನಿಮಿಷ ಕೇಳಿ."

ಮೊದಲು ತೇವದ ಗೆರೆ ತೋರಿಸಿದರು. ಜೊತೆಗೆ ಹಲ್ಲಿನ ಡಾಕ್ಟರರ ಚೀಟಿ. ಕೊವಾಲ್ಸ್ಕಿ ಎರಡನ್ನೂ ಆಗಲೇ ಪರೀಕ್ಷಿಸಿದ್ದ. ತಲೆಯಾಡಿಸಿದ.

"ಒಂದೂ ಇಪ್ಪತ್ತಕ್ಕೆ ಕೋಡ್ ಒತ್ತಿ ಒಳಗೆ ಬಂದವರು ನಿಮ್ಮಲ್ಲಿ ಒಬ್ಬರು. ಡಾಕ್ಟರ್ ಮನೋಹರ್, ಶನಿವಾರ ನೀವು ಹೊರಟಿದ್ದು?"

"ಹನ್ನೆರಡಕ್ಕೆ. ಐದಕ್ಕೆ ವುಡ್‌ರಿಡ್ಜ್. ನಿಮಗೇ ಹೇಳಿದೆನಲ್ಲ."

"ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ ಎಂದಿರಿ. ದಾರಿ ನಾಲ್ಕೂಕಾಲು ಗಂಟೆಯದು. ಹನ್ನೆರಡಕ್ಕೆ ಹೊರಟು ಐದಕ್ಕೆ ತಲುಪಿದೆ ಅಂದರೆ ಸರಿ ಅನ್ನಿಸುತ್ತದೆ. ಆದರೆ ಬೇರೆ ರಾಜ್ಯದಲ್ಲಿರುವ ವುಡ್‌ರಿಡ್ಜ್‌ನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿ ಐದು ಅಂದರೆ ಇಲ್ಲಿ ಆರು." ಗೋಡೆ ಗಡಿಯಾರವಿದ್ದ ಫೋಟೋವನ್ನು ಮೇಜಿನ ಮೇಲಿಟ್ಟರು. "ಆರರಿಂದ ನಾಲ್ಕೂಕಾಲು ಕಳೆಯಿರಿ. ನೀವು ಲಿವೋನಿಯಾ ಬಿಟ್ಟಿದ್ದು ಒಂದೂ ಮುಕ್ಕಾಲಿಗೆ."

"ಟ್ರಾಫಿಕ್ ಇತ್ತು!"

"ಇರಲಿ. ಆ ಹಾಳೆಯನ್ನು ನೋಡಿಲ್ಲ ಎಂದಿರಿ. ಮಿಸೆಸ್ ಹೂಕ್ಸ್ಟ್ರಾ, ಡಿರ್ಕನ ತಾಯಿ ಯಾರು?"

"ಮಾರಿಯಾ. ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಿರುವುದು ಮಾರಿಯಾ. ಅವಳು ಮಾಯ್ಕೆನ್ ಎಂದು ಬರೆದಿದ್ದುದು ಆ ಹಾಳೆಯಲ್ಲಿ ಮಾತ್ರ. ನನ್ನ ಗಂಡ ಅದನ್ನು ಓದಿ ನನಗೊಬ್ಬಳಿಗೆ ಹೇಳಿದ್ದರು. ಸೋಮವಾರ ನನ್ನ ಅಡುಗೆಮನೆಯಲ್ಲಿ ಕೂತು ಆ ಹೆಸರನ್ನು ಹೇಳಿದ ಇನ್ನೊಬ್ಬರು ನೀವು, ಡಾಕ್ಟರ್ ಮನೋಹರ್. ಮಿಸೆಸ್ ಪೆಟವೇ ಅವರ ಅರ್ಜಿ ಬಂದಾಗ, ಡಿರ್ಕನ ತಾಯಿಯೂ ತೊತ್ತೇ ಇರಬೇಕೆಂದು ನಿಮಗೆ ಅನುಮಾನ ಬಂತು. ಎಲ್ಲರೂ ಹೋದ ಮೇಲೆ ಬಂದು ಪೆಟ್ಟಿಗೆ ತೆಗೆದಿರಿ. ಬಾರದು ಎಂದ ಲಿಪಿಯನ್ನು ಇಪ್ಪತ್ತು ನಿಮಿಷ ಕೂತು ಓದಿದಿರಿ. ಕೊಯ್ದಿರಿ."

ಮನೋಹರನ ಮುಖ ಬೂದಿಯಾಯಿತು. ಅವನು ಕುರ್ಚಿ ಮುಂದೆಳೆದುಕೊಂಡು ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದ.

"ಆಂಟಿ, ಪ್ಲೀಸ್. ನಮ್ ಮಗ ಮಿಹಿರ್‌ಗೆ ಊರಲ್ಲಿ ಹುಡುಗಿ ನೋಡ್ತಾ ಇದೀವಿ. ಅವನ ತಾಯಿ ಡಚ್ ಅಂತ ಹೇಳ್ಕೊಂಡಿದೀನಿ. ಒಳ್ಳೆ ಮನೆತನ ಅಂತ. ಈಗ ತೊತ್ತಿನ ವಂಶ, ಕಪ್ಪು ಜನರ ರಕ್ತ ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ನೀವು ನಮ್ಮೋರು. ನಿಮಗೆ ಅರ್ಥ ಆಗುತ್ತೆ."

"ಯಾರು ನಿಮ್ಮೋರು?" ಗುರುದೇವಿ ಎದ್ದು ನಿಂತರು. "ಇಂಗ್ಲಿಷಿನ್ಯಾಗ ಹೇಳು. ನಿನ್ನ ಹೇಣ್ತಿ ಇಲ್ಲೇ ಅದಾಳ. ಆಕೀ ರಕ್ತದ ಮಾತು ಆಕೀಗೆ ತಿಳೀಲಾರದಂಗ ಆಡ್ತೀಯಾ?"

ಮನೋಹರ್ ಮೇಜಿನ ಮೇಲಿದ್ದ ಫೋಟೋವನ್ನು ಮಗುಚಿ ಹಾಕಿದ.

ಗುರುದೇವಿ ಸಭೆಯ ಕಡೆ ತಿರುಗಿದರು. ಅವನು ಹೇಳಿದ್ದನ್ನೆಲ್ಲ, ಒಂದು ಮಾತೂ ಬಿಡದೆ, ಇಂಗ್ಲಿಷಿನಲ್ಲಿ ಹೇಳಿದರು. ಕ್ಯಾರನ್ ಗಂಡನನ್ನೇ ನೋಡುತ್ತಿದ್ದಳು. ಅವಳ ಕುತ್ತಿಗೆ ಕೆಂಪಾಗಿತ್ತು.

"ಎಲ್ಲಿದೆ ಅದು?"

"ಕ್ಯಾರನ್, ನಿನಗೋಸ್ಕರ..."

"ನನಗೋಸ್ಕರ ಅನ್ನಬೇಡ. ಎಲ್ಲಿದೆ?"

"ಕ್ಲಿನಿಕ್‌ನಲ್ಲಿ. ಎಕ್ಸ್‌ರೇ ಕವರಿನಲ್ಲಿ. ಸುಡುವುದಕ್ಕೆ ಕೈ ಬರಲಿಲ್ಲ."

"ಒಬ್ಬ ಮುದುಕನ ಹೆಸರು ಸುಡುವುದಕ್ಕೆ ಕೈ ಬಂತು!" ಎಂದಳು ಕ್ಯಾರನ್.

ಕೊವಾಲ್ಸ್ಕಿ ಮನೋಹರನ ಹೆಗಲು ಮುಟ್ಟಿ ಹೊರಗೆ ಕರೆದುಕೊಂಡು ಹೋದ.

ಮಿಸೆಸ್ ಹೂಕ್ಸ್ಟ್ರಾ ಗಂಟಲು ಸರಿಮಾಡಿಕೊಂಡು ಸಂಗನಬಸಪ್ಪನವರ ಕಡೆ ಕೈ ಚಾಚಿದಳು. "ನಮ್ಮಿಂದ ತಪ್ಪಾಯಿತು. ಇದು ಸಂಘದೊಳಗೇ ಇರಲಿ, ಏನಂತೀರಿ?"

ಸಂಗನಬಸಪ್ಪ ಆ ಕೈ ಹಿಡಿಯಲಿಲ್ಲ. "ನಾನು ಕಳ್ಳ ಎಂದು ಮುನ್ನೂರು ಸದಸ್ಯರಿಗೆ ಇಮೇಲ್ ಕಳಿಸಿದ್ದೀರಿ. ಅಲ್ಲ ಎಂದು ಅವರಿಗೇ ಬರೆಯಿರಿ. ಇವತ್ತೇ. ಯಾಕೆ ಅಲ್ಲ ಎನ್ನುವುದನ್ನೂ ಬರೆಯಿರಿ. ಮಾಯ್ಕೆನ್ ಹೆಸರಿಲ್ಲದೆ ಅದನ್ನು ಬರೆಯಲಾಗುವುದಿಲ್ಲ."

ಅವಳು ಕೈ ಹಿಂದೆಗೆದುಕೊಂಡಳು. ಸೆಕ್ರೆಟರಿ ಲ್ಯಾಪ್‌ಟಾಪ್ ತೆರೆದ.

ಕ್ಯಾರನ್ ಎದ್ದು ಕೋಣೆಯ ಆ ತುದಿಗೆ ನಡೆದಳು. ಅರ್ನೆಸ್ಟೀನ್ ಕುಳಿತಿದ್ದ ಕುರ್ಚಿಯ ಮುಂದೆ ನಿಂತಳು.

"ಕೂತುಕೋ," ಎಂದಳು ಅರ್ನೆಸ್ಟೀನ್. "ಡಿರ್ಕನಿಂದ ನಿನ್ನವರೆಗೆ ಎಷ್ಟು ತಲೆಮಾರು?"

"ಹನ್ನೊಂದು."

"ಸುಸನ್ನಾಳಿಂದ ನನ್ನವರೆಗೆ ಹನ್ನೆರಡು." ಮುದುಕಿ ತನ್ನ ಚೀಲದಿಂದ ವಂಶಾವಳಿಯ ಹಾಳೆ ತೆಗೆದು ಮೊಣಕಾಲ ಮೇಲೆ ಬಿಡಿಸಿದಳು. ತುದಿಯಲ್ಲಿದ್ದ ಮಾರಿಯಾ ಎಂಬ ಹೆಸರನ್ನು ಪೆನ್ನಿನಿಂದ ಜೋರಾಗಿ ಹೊಡೆದು ಹಾಕಿ, ಪೆನ್ನನ್ನು ಕ್ಯಾರನ್ ಕಡೆ ಚಾಚಿದಳು.

"ಸರಿಯಾದ್ದನ್ನು ನೀನೇ ಬರಿ."